ಹಿಂದಿನ ಗೇಟು

ಮಗಳು ತಟ್ಟೆಯಲ್ಲಿದ್ದ ಮೆಣಸಿನಕಾಯಿ ಚೂರುಗಳನ್ನೆಲ್ಲ ಹೆಕ್ಕಿ ಅಂಚಿಗೆ ಸರಿಸುವುದನ್ನು ನರ್ಸ್ ಕೆಲವು ದಿನಗಳಿಂದ ನೋಡುತ್ತಿದ್ದಳು. ಖಾರ ಕಡಿಮೆಯಾದರೆ ಮೂತಿ ತಿರುವುತ್ತಿದ್ದ ಹುಡುಗಿ ಅದು. ಚಿಕ್ಕಂದಿನಲ್ಲಿ ಒಂದು ಗಳಿಗೆ ಬಾಯಿ ಮುಚ್ಚದೆ ಪಟಪಟ ಎನ್ನುತ್ತಿದ್ದಳೆಂದು ಅಜ್ಜಿ ಅವಳನ್ನು ಚಿನಕುರುಳಿ ಎಂದು ಕರೆದಿದ್ದಳು. ಹದಿನಾರು ತುಂಬಿದರೂ ಮನೆಯಲ್ಲಿ ಅದೇ ಹೆಸರು ನಿಂತಿತ್ತು. ಆ ಸಂಜೆ ಚಿನಕುರುಳಿ ಅನ್ನಕ್ಕೆ ಬರೀ ಮೊಸರು ಕಲಸಿಕೊಂಡು, ಒಂದೇ ದವಡೆಯಲ್ಲಿ ಅಗಿಯುತ್ತ, ಕೆಳತುಟಿಗೆ ಏನೂ ತಾಗದ ಹಾಗೆ ನುಂಗುತ್ತಿದ್ದಳು.

ನರ್ಸ್ ಕೆಲಸ ಮಾಡುತ್ತಿದ್ದದ್ದು ಸರ್ಕಾರಿ ಆಸ್ಪತ್ರೆಯ ಬಾಯಿ ರೋಗದ ವಿಭಾಗದಲ್ಲಿ. ಹೀಗೆ ಅಗಿಯುವವರನ್ನು ದಿನವೂ ನೋಡುವವಳು. ಎದ್ದು ಹೋಗಿ ಕಪಾಟಿನಿಂದ ಟಾರ್ಚ್ ತಂದಳು.

"ಬಾಯಿ ತೆಗಿ."

"ಊಟ ಮಾಡ್ತಿದೀನಮ್ಮ."

"ತೆಗಿ ಅಂದೆ."

ಊಟಕ್ಕೆ ಕೂತಾಗಲಾದರೂ ಆಸ್ಪತ್ರೆ ಬಾಗಿಲು ಹಾಕಬಾರದೇ ಎಂದು ಗಂಡ ಗೊಣಗಿದ. ಅವನು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಎತ್ತರದ ಕಟ್ಟಡಗಳ ಹೊಂಡದಲ್ಲಿ ಗ್ರೀಸು ಬಳಿದುಕೊಂಡು ಬಂದವನಿಗೆ ಮನೆಯಲ್ಲಿ ಬೇಕಾಗಿದ್ದದ್ದು ಒಂದು ತುತ್ತು ಅನ್ನ ಮತ್ತು ಸದ್ದಿಲ್ಲದ ಒಂದು ಗಂಟೆ. ಹೆಂಡತಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳ ಗಲ್ಲ ಹಿಡಿದು ಕೆಳತುಟಿಯನ್ನು ಎಳೆದಳು. ವಸಡು ಮತ್ತು ತುಟಿಯ ನಡುವೆ ಚರ್ಮ ಬೆಳ್ಳಗಾಗಿ, ಬಹಳ ಹೊತ್ತು ನೀರಿನಲ್ಲಿ ನೆನೆದ ಬೆರಳಿನ ಹಾಗೆ ಸುಕ್ಕುಗಟ್ಟಿತ್ತು.

ಟಾರ್ಚ್ ಆರಿಸಿ ಅವಳು ಕುರ್ಚಿಯ ಮೇಲೆ ಕೂತಳು. ಎಷ್ಟು ದಿನದಿಂದ ಎಂದು ಕೇಳಿದಳು. ಚಿನಕುರುಳಿ ಮೊದಲು ಹಲ್ಲುಜ್ಜುವಾಗ ಗಾಯವಾಯಿತು ಎಂದಳು, ಆಮೇಲೆ ಬಿಸಿ ಹಾಲು ಕುಡಿದೆ ಎಂದಳು. ಕೊನೆಗೆ ಶಾಲೆ ಚೀಲದ ತಳದಿಂದ ಒಂದು ಗುಂಡನೆಯ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ಗುಲಾಬಿ ಬಣ್ಣ, ಮೇಲೆ ಹಣ್ಣಿನ ಚಿತ್ರ. ಒಳಗೆ ತಂಬಾಕು ತುಂಬಿದ ಬಿಳಿಯ ಪುಟ್ಟ ಚೀಲಗಳು. ತುಟಿಯ ಒಳಗೆ ಇಟ್ಟುಕೊಂಡರೆ ಹೊಗೆ ಇಲ್ಲ, ವಾಸನೆ ಇಲ್ಲ, ಪಾಠ ನಡೆಯುತ್ತಿರುವಾಗಲೂ ಯಾರಿಗೂ ಗೊತ್ತಾಗುವುದಿಲ್ಲ.

"ಎಲ್ಲಿ ತಗೊಂಡೆ?"

ಹುಡುಗಿ ತಲೆ ಎತ್ತದೆ ಮುಂದಿನ ಕೋಣೆಯ ಕಡೆ ಕಣ್ಣು ಹಾಯಿಸಿದಳು.

ಮುಂದಿನ ಕೋಣೆಯೇ ಅಂಗಡಿ. ಅತ್ತೆ ಅಲ್ಲಿ ಕೂತು ಯಾರಿಗೋ ಬ್ರೆಡ್ಡು, ಮೊಟ್ಟೆ ಕಟ್ಟಿಕೊಡುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಅಂಗಡಿಯಮ್ಮ ಎನ್ನುತ್ತಿದ್ದರು. ಗಂಡ ಸತ್ತಾಗ ಮಗನಿಗೆ ಇನ್ನೂ ಹಾಲು ಹಲ್ಲು ಬಿದ್ದಿರಲಿಲ್ಲ. ಬೀದಿಯ ಕಡೆಯ ಗೋಡೆ ಒಡೆಸಿ, ಒಂದು ಹಲಗೆ ಅಡ್ಡ ಹಾಕಿ ಅಂಗಡಿ ಶುರು ಮಾಡಿದವಳು. ಸೋಪು, ಬೆಂಕಿಪೊಟ್ಟಣ, ನೋಟ್‌ಬುಕ್ಕು, ಮೊಟ್ಟೆ. ಅವೆಲ್ಲದರ ನಡುವೆ, ಮಕ್ಕಳ ಕಣ್ಣಿಗೆ ಸರಿಯಾಗಿ ನಿಲುಕುವ ಎತ್ತರದಲ್ಲಿ, ತಂಬಾಕು ಕಂಪನಿಯವರು ಕೂರಿಸಿದ ದೀಪದ ಗಾಜಿನ ಪೆಟ್ಟಿಗೆ. ಅದರ ಕರೆಂಟಿನ ಖರ್ಚೂ ಕಂಪನಿಯದೇ, ಜಾಗಕ್ಕೆ ಬಾಡಿಗೆಯೂ ಕಂಪನಿಯದೇ.

ಸೊಸೆ ಡಬ್ಬಿ ಹಿಡಿದುಕೊಂಡು ಬಂದದ್ದನ್ನು ನೋಡಿ ಅಂಗಡಿಯಮ್ಮ ಚಿಲ್ಲರೆ ಕೊಟ್ಟು ಗಿರಾಕಿಯನ್ನು ಸಾಗಹಾಕಿದಳು. ವಿಷಯ ಕೇಳಿದವಳೇ ತಾನು ಕೊಟ್ಟಿಲ್ಲ ಎಂದಳು. ಅದು ನಿಜವೂ ಆಗಿತ್ತು. ಚಿನಕುರುಳಿಯ ತರಗತಿಯ ಹುಡುಗನೊಬ್ಬ ಅಪ್ಪನಿಗೆ ಎಂದು ಹೇಳಿ ಕೊಂಡುಹೋಗುತ್ತಿದ್ದ, ಶಾಲೆಯಲ್ಲಿ ಐದಾರು ಜನ ಹಂಚಿಕೊಳ್ಳುತ್ತಿದ್ದರು.

"ಅಪ್ಪನಿಗೆ ಅಂದ್ರೆ ಕೊಡ್ತೀನಿ. ಅವನಪ್ಪನ ಮನೇಗೆ ಹೋಗಿ ವಿಚಾರಿಸ್ಲಾ? ನಾನು ಅಂಗಡಿ ಇಟ್ಟಿದೀನಿ, ಪೊಲೀಸ್ ಠಾಣೆ ಅಲ್ಲ."

"ಹಣ್ಣಿನ ರುಚಿದು ಯಾವ ಅಪ್ಪ ತಿಂತಾನೆ ಅತ್ತೆ?"

ಅಂಗಡಿಯಮ್ಮ ಮೊಮ್ಮಗಳ ಕಡೆ ತಿರುಗಿದಳು. ಹುಡುಗರು ಏನೋ ಮಾಡಿಕೊಳ್ಳುತ್ತಾರೆ, ಹೆಣ್ಣುಮಗಳಾಗಿ ನಿನಗೆ ನಾಚಿಕೆಯಾಗಲಿಲ್ಲವೇ ಎಂದು ಶುರು ಮಾಡಿದಳು. ಅಷ್ಟು ಸಾಕಾಯಿತು. ನರ್ಸಿನ ಗಂಟಲು ಬೀದಿಯ ಕೊನೆಗೆ ಕೇಳುವಷ್ಟು ಏರಿತು. ಹುಡುಗರ ಬಾಯಿ ಏನು ಕಲ್ಲಿನದೇ, ಮೊನ್ನೆ ದವಡೆ ಕತ್ತರಿಸಿದ್ದು ಇಪ್ಪತ್ತಮೂರರ ಹುಡುಗನದು, ಅವನಿಗೂ ಯಾರೋ ಒಬ್ಬಳು ಅಂಗಡಿಯಮ್ಮ ಕೊಟ್ಟವಳೇ ಎಂದಳು. ಇವಳ ಬಾಯಿ ತೋರಿಸುತ್ತೇನೆ ಬನ್ನಿ, ಇನ್ನು ಇದನ್ನು ಮಾರಬೇಡಿ ಎಂದಳು. ನಿನ್ನ ಗಂಡ ಓದಿದ್ದು ಈ ಅಂಗಡಿಯಿಂದ, ನೀನು ಈ ಮನೆಗೆ ಬಂದಾಗ ತಲೆ ಮೇಲಿದ್ದ ಸೂರು ಈ ಅಂಗಡಿಯದು ಎಂದು ಅತ್ತೆ ತಿರುಗಿಸಿ ಕೊಟ್ಟಳು. ಮೆಕ್ಯಾನಿಕ್ ಕೈ ತೊಳೆಯದೆ ಎದ್ದು ಬಂದು ಬೀದಿಯ ಬಾಗಿಲು ಹಾಕಿದ. ಜನ ನೋಡ್ತಾರೆ ಎಂದಷ್ಟೇ ಅವನು ಹೇಳಿದ್ದು. ಇಬ್ಬರೂ ಅವನನ್ನು ಒಟ್ಟಿಗೆ ಬೈದರು.

ಮರುದಿನ ಆಸ್ಪತ್ರೆಯ ಡಾಕ್ಟರು ನೋಡಿ, ಈಗಲೇ ಬಿಟ್ಟರೆ ಮೊದಲಿನ ಹಾಗಾಗುತ್ತದೆ, ಬಿಡದಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ ಎಂದರು. ಬಿಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ. ಹುಡುಗಿ ಬೆಳಿಗ್ಗೆ ಎದ್ದಾಗಿನಿಂದ ಸಿಡಿಮಿಡಿ. ಪಾತ್ರೆ ತೊಳೆಯಲು ಹೇಳಿದರೆ ತಟ್ಟೆ ಎತ್ತಿ ಕುಕ್ಕುವಳು. ಅಪ್ಪ ಶೂ ಎಲ್ಲಿ ಎಂದು ಕೇಳಿದರೆ ಕಣ್ಣಲ್ಲಿ ನೀರು. ನರ್ಸ್ ಕ್ಯಾರೆಟ್ ಉದ್ದುದ್ದ ಹೆಚ್ಚಿ ಡಬ್ಬಿಗೆ ಹಾಕಿ ಕಳಿಸಿದಳು. ನಾನೇನು ಮೊಲವೇ ಎಂದು ಕೇಳಿ ಮಗಳು ಅದನ್ನು ಬಿಟ್ಟು ಹೋದಳು.

ಅದೇ ವಾರ ಶಾಲೆಯಲ್ಲಿ ಮಕ್ಕಳ ಪುಸ್ತಕದ ಚೀಲಗಳ ತಪಾಸಣೆ ನಡೆಯಿತು. ಚಿನಕುರುಳಿಯ ಕಂಪಾಸ್ ಪೆಟ್ಟಿಗೆಯಲ್ಲಿ ಮರೆತುಹೋಗಿದ್ದ ತಂಬಾಕಿನ ಒಂದು ಪುಟ್ಟ ಬಿಳಿ ಚೀಲ ಸಿಕ್ಕಿತು. ಎರಡು ವಾರ ಶಾಲೆಗೆ ಬರಬೇಡ ಎಂದರು. ನರ್ಸ್ ಡ್ಯೂಟಿಯ ಬಟ್ಟೆಯಲ್ಲೇ ಶಾಲೆಗೆ ಹೋದಳು. ಹೆಡ್‌ಮಿಸ್ ಒಳ್ಳೆಯ ಹೆಂಗಸು, ಆದರೆ ಸುಸ್ತಾದವಳು. ಶಾಲೆಯಲ್ಲಿ ತಂಬಾಕನ್ನು ಸಹಿಸುವುದಿಲ್ಲ, ನಿಯಮ ನಿಯಮವೇ ಎಂದಳು.

"ನಿಯಮ ಮಕ್ಕಳಿಗೆ ಮಾತ್ರಾನಾ ಮೇಡಂ? ಈ ಕಿಟಕಿ ಹತ್ರ ಬಂದು ನಿಂತ್ಕೊಳಿ. ಕಾಂಪೌಂಡಿನಾಚೆ ನಾಲ್ಕು ಅಂಗಡಿ ಕಾಣುತ್ತೆ. ಅದರಲ್ಲಿ ಒಂದು ನಮ್ಮತ್ತೇದು."

ಹೆಡ್‌ಮಿಸ್ ಕಿಟಕಿಯ ಹತ್ತಿರ ಬರಲಿಲ್ಲ. ಬೀದಿ ನಮ್ಮದಲ್ಲ, ನಗರಸಭೆಯದು, ಅಲ್ಲಿ ಹೋಗಿ ಕೇಳಿ ಎಂದಳು. ನರ್ಸ್ ಅಲ್ಲಿಗೂ ಹೋದಳು. ಆರೋಗ್ಯಾಧಿಕಾರಿ ಟೇಬಲ್ಲಿನ ಮೇಲೆ ಊಟದ ಡಬ್ಬಿ ತೆರೆದಿಟ್ಟುಕೊಂಡೇ ಮಾತಾಡಿದ. ನಿಯಮದ ಕರಡು ಬರೆದು ಎರಡು ವರ್ಷವಾಯಿತು ಎಂದ. ಶಾಲೆಯ ಸುತ್ತ ತಂಬಾಕು ಮಾರಬಾರದು, ಇಪ್ಪತ್ತೊಂದರ ಒಳಗಿನವರಿಗೆ ಕೊಡಬಾರದು, ಹಣ್ಣು ಮಿಠಾಯಿಯ ರುಚಿ ಸೇರಿಸಬಾರದು, ದೀಪ ಹಾಕಿ ಪ್ರದರ್ಶಿಸಬಾರದು. ಎಲ್ಲ ಇದೆ, ಸಭೆಗೆ ಬಂದಾಗಲೆಲ್ಲ ಮುಂದಕ್ಕೆ ಹೋಗುತ್ತದೆ. ಈ ತಿಂಗಳು ಮತ್ತೆ ಬರುತ್ತಿದೆ, ಸಾರ್ವಜನಿಕರು ಬಂದು ಮಾತಾಡಬಹುದು, ಬನ್ನಿ.

"ಎರಡು ವರ್ಷ ಯಾರು ತಡೆದ್ರು ಸರ್?"

ಅವನು ಡಬ್ಬಿಯ ಮುಚ್ಚಳ ಹಾಕಿದ. "ನೀವು ಸಭೆಗೆ ಬನ್ನಿ, ನಿಮಗೇ ಗೊತ್ತಾಗುತ್ತೆ."

ಶಾಲೆಯಿಲ್ಲದ ಚಿನಕುರುಳಿ ಹಗಲೆಲ್ಲ ಮನೆಯಲ್ಲೇ. ತಾಯಿ ಆಸ್ಪತ್ರೆಗೆ, ತಂದೆ ಕೆಲಸಕ್ಕೆ. ಅಂಗಡಿಯಲ್ಲಿ ಅಜ್ಜಿಯ ಪಕ್ಕ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುವಳು, ಬ್ರೆಡ್ಡು ಎಣಿಸಿ ಇಡುವಳು. ಬೈಗುಳ ಮುಗಿದ ಮೇಲೆ ಅಜ್ಜಿ ಮೊಮ್ಮಗಳು ಮೊದಲಿನ ಹಾಗೇ ಇದ್ದರು. ಗಾಜಿನ ಪೆಟ್ಟಿಗೆಯ ಕೀಲಿಯನ್ನು ಮಾತ್ರ ಅಂಗಡಿಯಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಆ ದಿನಗಳಲ್ಲೇ ಕಂಪನಿಯವನು ಬಂದದ್ದು. ಬೀದಿಯವರು ಅವನಿಗೆ ನಗುಮೊಗದವನು ಎನ್ನುತ್ತಿದ್ದರು. ಬೈದರೂ ಅವನ ಹಲ್ಲು ಒಳಗೆ ಹೋಗುತ್ತಿರಲಿಲ್ಲ. ಅವನು ಅಂಗಡಿಯಮ್ಮನಿಗೆ ಹೊಸ ನಿಯಮದ ವಿಷಯ ಹೇಳಿದ. ದೊಡ್ಡ ಕಂಪನಿಗೆ ಇದರಿಂದ ಏನೂ ಆಗುವುದಿಲ್ಲ, ಸಾಯುವುದು ನಿಮ್ಮಂಥವರು ಎಂದ. ಸಭೆಯಲ್ಲಿ ಕಂಪನಿ ಮಾತಾಡಿದರೆ ಯಾರು ಕೇಳುತ್ತಾರೆ, ಗಂಡನಿಲ್ಲದೆ ಮಗನನ್ನು ಸಾಕಿದ ತಾಯಿ ಮಾತಾಡಿದರೆ ಅಧ್ಯಕ್ಷರೂ ಕೇಳುತ್ತಾರೆ ಎಂದ. ಕಾರು ಕಳಿಸುತ್ತೇವೆ, ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂದ. ಅಂಗಡಿಯಮ್ಮನಿಗೆ ಯಾರೂ ಇಷ್ಟು ಮರ್ಯಾದೆಯಿಂದ ಏನನ್ನೂ ಕೇಳಿರಲಿಲ್ಲ. ಒಪ್ಪಿಕೊಂಡಳು.

ಅವನು ಹೋಗುವಾಗ ಚಿನಕುರುಳಿಯ ಕಡೆ ನೋಡಿ, ಪಾಪು ಚೆನ್ನಾಗಿ ಓದ್ತಿದೀಯಾ ಎಂದು ಕೇಳಿದ.

"ಇಲ್ಲ. ನಿಮ್ಮ ತಂಬಾಕು ಇಟ್ಕೊಂಡಿದ್ದಕ್ಕೆ ಶಾಲೆಯಿಂದ ಹೊರಗೆ ಹಾಕಿದಾರೆ."

ಅವನು ಆಗಲೂ ನಕ್ಕ.

ಸಭೆಯ ದಿನ ಒಂದೇ ಮನೆಯಿಂದ ಎರಡು ದಾರಿಯಲ್ಲಿ ಜನ ಹೊರಟರು. ಅತ್ತೆ ಕಂಪನಿಯ ಕಾರಿನಲ್ಲಿ, ಸೊಸೆ ಮತ್ತು ಮೊಮ್ಮಗಳು ಬಸ್ಸಿನಲ್ಲಿ. ಮೆಕ್ಯಾನಿಕ್‌ಗೆ ಯಾವುದೋ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ಕೆಡದಿದ್ದರೂ ಅವನು ಕೆಡಿಸಿಕೊಂಡು ಕೂರುತ್ತಿದ್ದ ಎಂದು ಹೆಂಡತಿ ಬಸ್ಸಿನಲ್ಲಿ ಮಗಳಿಗೆ ಹೇಳಿದಳು.

ನರ್ಸ್ ಸಭೆಯಲ್ಲಿ ಕೆಟ್ಟದಾಗಿ ಮಾತಾಡಿದಳು. ಹೇಳಬೇಕಾದದ್ದೆಲ್ಲ ಗೊತ್ತಿತ್ತು, ಆದರೆ ಮೈಕಿನ ಮುಂದೆ ನಿಂತಾಗ ಸಿಟ್ಟಿನಲ್ಲಿ ಮಾತು ಒಂದರ ಮೇಲೊಂದು ಬಿತ್ತು. ರೋಗಿಗಳ ಮಾತಿಗೆ ಹೊರಟು ಕಂಪನಿಯನ್ನು ಬೈದಳು, ಕಂಪನಿಯನ್ನು ಬೈಯುತ್ತ ಸದಸ್ಯರನ್ನು ಬೈದಳು. ಅಧ್ಯಕ್ಷರು ಗಂಟೆ ಹೊಡೆದು ಕೂರಿಸಿದರು. ಆಮೇಲೆ ಕಂಪನಿಯ ಪರ ಬಂದ ಡಾಕ್ಟರೊಬ್ಬರು ಈ ಚಿಕ್ಕ ಚೀಲಗಳಿಂದ ಹಾನಿಯೆಂದು ಹೇಳಲು ಇನ್ನೂ ಅಧ್ಯಯನ ಬೇಕು ಎಂದು ತಣ್ಣಗೆ ವಿವರಿಸಿದರು.

ಅದಾದ ಮೇಲೆ ಅಂಗಡಿಯಮ್ಮ ಎದ್ದಳು. ಬರೆದುಕೊಟ್ಟ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟಳು. ಗಂಡ ಸತ್ತದ್ದು, ಗೋಡೆ ಒಡೆಸಿದ್ದು, ಜ್ವರ ಬಂದ ಮಗನನ್ನು ಕೌಂಟರಿನ ಕೆಳಗೆ ಮಲಗಿಸಿಕೊಂಡು ವ್ಯಾಪಾರ ಮಾಡಿದ್ದು, ಎಲ್ಲವನ್ನೂ ಅಂಗಡಿಗೆ ಬಂದ ಗಿರಾಕಿಯೊಂದಿಗೆ ಆಡುವ ಹಾಗೆ ಹೇಳಿದಳು. ಕೊನೆಗೆ ಹೇಳಿದಳು:

"ಆ ಶಾಲೇಲಿ ನನ್ನ ಮೊಮ್ಮಗಳೇ ಓದ್ತಾಳೆ. ನನ್ನ ಅಂಗಡಿಯಿಂದ ಒಂದು ಮಗುವೂ ಹಾಳಾಗಿಲ್ಲ. ಆಗಿದ್ರೆ ಆ ಮಗೂನ ತಂದು ನನ್ನೆದುರು ನಿಲ್ಲಿಸಿ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿನಕುರುಳಿ ಎದ್ದು ಹೊರಗೆ ಹೋದಳು. ನರ್ಸ್ ಹಿಂದೆಯೇ ಹೋದಾಗ ಹುಡುಗಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಬ್ಬಳೇ ನಿಂತು ಒಂದು ಸೈಕಲ್ಲಿನ ಸೀಟನ್ನು ಮುಷ್ಟಿಯಿಂದ ಗುದ್ದುತ್ತಿದ್ದಳು.

ಮನೆಗೆ ಬಂದ ಮೇಲೆ ಅಜ್ಜಿ ಅವಳನ್ನು ಕರೆದಳು. ಅಷ್ಟು ಜನರ ನಡುವೆ ನಿನ್ನ ವಿಷಯ ಆಡಿಕೊಳ್ಳಲಿ ಎಂದಿದ್ದೆಯಾ, ನಿನ್ನ ಮಾನ ಉಳಿಸಲು ಹಾಗೆ ಹೇಳಿದೆ ಎಂದು ಸಮಾಧಾನ ಮಾಡಲು ನೋಡಿದಳು.

"ನನ್ನ ಮಾನ ಅಲ್ಲ ಅಜ್ಜಿ. ನಿನ್ನ ಅಂಗಡಿ ಮಾನ. ನಾನು ಅಲ್ಲೇ ಕೂತಿದ್ದೆ. ನೀನು ಕರೆದಿದ್ರೆ ಎದುರಿಗೆ ಬಂದು ನಿಲ್ತಿದ್ದೆ."

ಅಂಗಡಿಯಮ್ಮ ಮೊಟ್ಟೆಯ ಟ್ರೇ ಎತ್ತಿಕೊಂಡು ಹೊರಗೆ ಹೋದಳು.

ನಿಯಮ ಪಾಸಾಯಿತು, ಅರ್ಧ ಸತ್ತು ಪಾಸಾಯಿತು. ವಯಸ್ಸಿನ ಮಿತಿ ಉಳಿಯಿತು. ರುಚಿಯ ವಿಷಯವನ್ನೂ ದೀಪದ ಪೆಟ್ಟಿಗೆಯ ವಿಷಯವನ್ನೂ ಮುಂದಿನ ಅಧ್ಯಯನಕ್ಕೆ ಬಿಟ್ಟರು. ಶಾಲೆಯಿಂದ ಎಷ್ಟು ದೂರದವರೆಗೆ ಮಾರಬಾರದು ಎಂಬುದನ್ನು ಅರ್ಧಕ್ಕೆ ಇಳಿಸಿದರು. ಅದನ್ನೂ ಮಕ್ಕಳು ಬಳಸುವ ಗೇಟಿನಿಂದ ರಸ್ತೆಯ ಮೇಲೆ ಅಳೆಯಬೇಕು ಎಂದು ಸೇರಿಸಿದರು. ಶಾಲೆಯ ಗೇಟು ಇದ್ದದ್ದು ಆ ಕಡೆ, ಲಾರಿಗಳು ಓಡಾಡುವ ದೊಡ್ಡ ರಸ್ತೆಗೆ. ಅಂಗಡಿ ಇದ್ದದ್ದು ಈ ಕಡೆ, ಶಾಲೆಯ ಹಿಂಗೋಡೆಗೆ ಎದುರಾಗಿ. ಅಂಗಡಿಯಿಂದ ಗೋಡೆಗೆ ಕಲ್ಲು ಎಸೆದರೆ ತಾಗುತ್ತದೆ. ರಸ್ತೆಯ ಮೇಲೆ ಸುತ್ತಿ ಅಳೆದರೆ ಅಂಗಡಿ ಎಲ್ಲೋ ದೂರ. ಬೀದಿಯ ನಾಲ್ಕು ಅಂಗಡಿಗಳೂ ಬಚಾವಾದವು. ನಗುಮೊಗದವನು ಹಳೆಯ ಗಾಜಿನ ಪೆಟ್ಟಿಗೆ ತೆಗೆಸಿ ಇನ್ನೂ ದೊಡ್ಡದನ್ನು ಕೂರಿಸಿದ. ಸಂಜೆ ಅದರ ನೀಲಿ ಬೆಳಕು ಊಟದ ಮೇಜಿನವರೆಗೆ ಬರುತ್ತಿತ್ತು. ನರ್ಸ್ ಅದಕ್ಕೆ ಬೆನ್ನು ಹಾಕಿ ಕೂತು ಉಣ್ಣತೊಡಗಿದಳು.

ಗೇಟಿನ ಮಾತು ತೆಗೆದವಳು ಚಿನಕುರುಳಿ. ಒಂದು ದಿನ ಬಟ್ಟೆ ಒಣಹಾಕುವಾಗ ತಾಯಿಗೆ ಹೇಳಿದಳು. ಅಂಗಡಿಯಲ್ಲಿ ಕೂತ ದಿನಗಳಲ್ಲಿ ಅವಳು ನೋಡಿದ್ದಳು: ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಹಿಂಗೋಡೆ ಹತ್ತಿ, ಮೇಲಿಂದಲೇ ಕೈ ಚಾಚಿ ಬೀದಿಯ ಅಂಗಡಿಗಳವರಿಂದ ಡಬ್ಬಿ ಪಡೆಯುತ್ತಿದ್ದರು. ಹತ್ತಲು ಅವರಿಗೆ ಅನುಕೂಲವಾಗಿದ್ದದ್ದು ಗೋಡೆಯಲ್ಲಿದ್ದ ಒಂದು ಹಳೆಯ ಕಬ್ಬಿಣದ ಗೇಟು. ಎಷ್ಟೋ ವರ್ಷಗಳಿಂದ ಬೀಗ ಹಾಕಿತ್ತು.

"ಆ ಗೇಟು ತೆಗೆದ್ರೆ ಅಲ್ಲಿಂದಲೇ ಅಳೀಬೇಕಲ್ವಾ ಅಮ್ಮ?"

ನರ್ಸ್ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಮತ್ತೆ ಬಕೆಟ್ಟಿಗೆ ಹಾಕಿದಳು.

ಅವಳು ಯಾರಿಗೂ ಸುಳ್ಳು ಹೇಳಬೇಕಾಗಲಿಲ್ಲ. ಈ ಕಡೆಯ ಬೀದಿಗಳ ಮಕ್ಕಳು ದೊಡ್ಡ ರಸ್ತೆ ದಾಟಿ ಸುತ್ತು ಹಾಕಿ ಹೋಗುತ್ತಿದ್ದದ್ದು ನಿಜ, ಹಿಂದಿನ ವರ್ಷ ಒಂದು ಮಗುವಿನ ಕಾಲಿನ ಮೇಲೆ ಲಾರಿ ಹಾದದ್ದು ನಿಜ. ಡ್ಯೂಟಿ ಮುಗಿದ ಮೇಲೆ ಮನೆ ಮನೆಗೆ ಹೋಗಿ ತಾಯಂದಿರನ್ನು ಕಂಡಳು. ಎಲ್ಲರೂ ಸೇರಿ ಹೆಡ್‌ಮಿಸ್ಸಿನ ಕೋಣೆ ತುಂಬಿದರು. ಹೆಡ್‌ಮಿಸ್ ಮೊದಲು ಕಾವಲಿಗೆ ಜನವಿಲ್ಲ ಎಂದಳು. ಕೊನೆಗೆ ಎಲ್ಲರೂ ಹೋದ ಮೇಲೆ ನರ್ಸನ್ನು ಒಬ್ಬಳನ್ನೇ ನಿಲ್ಲಿಸಿಕೊಂಡು ಕೇಳಿದಳು.

"ಗೇಟು ತೆಗೆದ್ರೆ ನಿಮ್ಮತ್ತೆ ಅಂಗಡೀನೂ ಹೋಗುತ್ತೆ. ಯೋಚನೆ ಮಾಡಿದೀರಾ?"

"ಮಾಡಿದೀನಿ. ನೀವು ಬೀಗದ ಕೈ ಹುಡುಕಿಸಿ."

ಮನೆಯಲ್ಲಿ ಅವಳು ಇದನ್ನು ಗಂಡನಿಗೆ ಮಾತ್ರ ಹೇಳಿದಳು. ಅವನು ಉಗುರಿನ ಸಂದಿಯ ಗ್ರೀಸು ತೆಗೆಯುತ್ತ ಕೂತಿದ್ದ. ಅಮ್ಮನಿಗೆ ನೀನೇ ಹೇಳು ಎಂದ. ನೀವು ಮಗ, ನೀವು ಹೇಳಿ ಎಂದಳು ಅವಳು. ಯಾರೂ ಹೇಳಲಿಲ್ಲ.

ಒಂದು ಬೆಳಿಗ್ಗೆ ವೆಲ್ಡಿಂಗಿನವರು ಬಂದು ತುಕ್ಕು ಹಿಡಿದ ಬೀಗ ಕತ್ತರಿಸಿದರು. ಗೇಟಿನ ಎದುರೇ ಅಂಗಡಿ. ಅಂಗಡಿಯಮ್ಮನಿಗೆ ಮೊದಲು ಖುಷಿಯೇ ಆಯಿತು. ಇನ್ನು ಮಕ್ಕಳು ಪೆನ್ನು, ಬ್ರೆಡ್ಡು ತೆಗೆದುಕೊಳ್ಳಲು ನೇರ ಬರುತ್ತಾರೆ ಎಂದು ನೋಟ್‌ಬುಕ್ಕಿನ ಕಟ್ಟನ್ನು ಮುಂದಕ್ಕೆ ಎಳೆದಿಟ್ಟಳು. ಮರುದಿನ ಆರೋಗ್ಯಾಧಿಕಾರಿ ಅಳತೆ ಟೇಪು ಹಿಡಿದ ಇಬ್ಬರೊಂದಿಗೆ ಬಂದ. ನಾಲ್ಕೂ ಅಂಗಡಿಗಳಿಗೆ ತಂಬಾಕು ಬಂದ್ ಎಂದು ಹೇಳಿದ. ಹೇಳಿ ಹೋಗುವಾಗ, ಪಾಪ, ಮನೆಯೊಳಗಿನದೇನೂ ತಿಳಿಯದೆ, ನಿಮ್ಮ ಸೊಸೆಗೆ ಧನ್ಯವಾದ ತಿಳಿಸಿ ಎಂದ.

ನರ್ಸ್ ಸಂಜೆ ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನಡುವೆ ನಿಂತಿದ್ದಳು.

"ನನ್ನ ಬೆನ್ನ ಹಿಂದೆ ಊರೆಲ್ಲ ತಿರುಗಿ ನನ್ನ ಹೊಟ್ಟೆ ಮೇಲೆ ಹೊಡೆದೆ. ಎದುರಿಗೆ ನಿಂತು ಒಂದು ಮಾತು ಹೇಳೋ ಧೈರ್ಯ ಇರ್ಲಿಲ್ವಾ ನಿನಗೆ?"

"ಎದುರಿಗೇ ಹೇಳಿದ್ದೆ ಅತ್ತೆ. ಮಗಳ ಬಾಯಿ ತೋರಿಸ್ತೀನಿ ಬನ್ನಿ ಅಂದೆ. ನೀವು ಒಂದು ದಿನಾನೂ ನೋಡ್ಲಿಲ್ಲ."

"ಮಾರ್ಬೇಡಿ ಅಂದೆ. ಬೀಗ ಒಡೆಸ್ತೀನಿ ಅನ್ಲಿಲ್ಲ."

ನರ್ಸ್ ಹೆಗಲಿನ ಚೀಲ ಕೆಳಗಿಟ್ಟಳು. ಹೇಳದೆ ಮಾಡಿದ್ದು ತಪ್ಪು, ಮಾಡಿದ್ದು ತಪ್ಪಲ್ಲ ಎಂದಳು. ಅತ್ತೆ ಮಗನ ಕಡೆ ತಿರುಗಿ ನಿನಗೆ ಗೊತ್ತಿತ್ತಾ ಎಂದು ಕೇಳಿದಳು. ಅವನು ಗೊತ್ತಿತ್ತು ಎಂದ. ಅಂಗಡಿಯಮ್ಮ ಒಂದು ಸಣ್ಣ ಸ್ಟೋವನ್ನೂ ಎರಡು ಪಾತ್ರೆಗಳನ್ನೂ ಎತ್ತಿಕೊಂಡು ಅಂಗಡಿಯ ಮೂಲೆಗೆ ಹೋದಳು. ಅಂದಿನಿಂದ ಅವಳ ಅಡುಗೆ ಬೇರೆ, ಊಟ ಬೇರೆ, ಸೊಸೆಯೊಂದಿಗೆ ಮಾತು ಬಂದ್. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುವಳು. ನೀರು ಬಂದಿದೆ ಎಂದು ಗೋಡೆಗೆ ಹೇಳಿದರೆ ಸೊಸೆ ಬಂದು ಬಕೆಟ್ಟು ಇಡುವಳು.

ನಗುಮೊಗದವನು ಮೂರನೆಯ ದಿನ ಬಂದ. ಬೆನ್ನಿಗಿದ್ದೇವೆ ಎಂದವರು ಈಗ ಏನಾದರೂ ಮಾಡುತ್ತಾರೆಂದು ಅಂಗಡಿಯಮ್ಮ ಕಾದಿದ್ದಳು. ಅವನ ಜೊತೆ ಇಬ್ಬರು ಕೆಲಸದವರು. ಅವರು ನೇರವಾಗಿ ಗಾಜಿನ ಪೆಟ್ಟಿಗೆಗೆ ಕೈ ಹಾಕಿ ಸ್ಕ್ರೂ ಬಿಚ್ಚತೊಡಗಿದರು. ಪೆಟ್ಟಿಗೆಯೊಂದಿಗೆ ಗೋಡೆಯ ಗಾರೆ ಕಿತ್ತು ಬಂತು. ಅದರ ಮೇಲಿದ್ದ ಸೋಪು, ಬೆಂಕಿಪೊಟ್ಟಣಗಳನ್ನು ನೆಲದ ಮೇಲೆ ರಾಶಿ ಹಾಕಿದರು. ಅವಳು ಏನಪ್ಪಾ ಇದು, ಬೆನ್ನಿಗೆ ಇದ್ದೇವೆ ಅಂತ ನೀನು ಹೇಳಿರಲಿಲ್ಲವೇ ಎಂದು ಕೇಳಿದಳು.

"ನಿಮ್ಮ ಬೀದಿ ಈಗ ನಮ್ಮ ಏರಿಯಾದಲ್ಲಿ ಬರಲ್ಲ ಅಮ್ಮಾ," ಎಂದ ಅವನು, ನಗುತ್ತಲೇ. ಕಿತ್ತ ಗೋಡೆಗೆ ಯಾರು ಗಾರೆ ಹಾಕಿಸುವವರು ಎಂದು ಕೇಳಿದಾಗ ಆಫೀಸಿಗೆ ಫೋನ್ ಮಾಡಿ ಎಂದ. ಅವಳು ಮಾಡಿದಳು. ಯಾರೋ ಹುಡುಗಿ ಹಾಡು ಕೇಳಿಸಿ ಕಾಯಿಸಿದಳು, ಆಮೇಲೆ ಲೈನು ಕಡಿಯಿತು.

ವ್ಯಾಪಾರ ಇಳಿಯಿತು. ಮೆಕ್ಯಾನಿಕ್ ಭಾನುವಾರವೂ ಕೆಲಸಕ್ಕೆ ಹೋಗತೊಡಗಿದ. ಗೋಡೆಗೆ ಗಾರೆಯನ್ನೂ ಅವನೇ ಹಾಕಿದ, ಸೊಟ್ಟಗೆ. ಎರಡು ವಾರ ಮುಗಿದು ಚಿನಕುರುಳಿ ಆಗಲೇ ಶಾಲೆಗೆ ಮರಳಿದ್ದಳು. ತುಟಿಯ ಒಳಗಿನ ಬಿಳುಪು ತಿಳಿಯಾಗುತ್ತಿದೆ ಎಂದು ಡಾಕ್ಟರು ಹೇಳಿದರು. ನರ್ಸ್ ಆ ದಿನ ಮನೆಗೆ ಬರುವಾಗ ಖಾರದ ಕಡಲೆ ತಂದು ಮಗಳ ಮುಂದಿಟ್ಟು, ಅವಳು ತಿನ್ನುವುದನ್ನು ನೋಡುತ್ತ ಕೂತಳು.

ಆ ನೆಮ್ಮದಿ ಹೆಚ್ಚು ದಿನ ಬಾಳಲಿಲ್ಲ.

ಅಂಗಡಿಯಮ್ಮ ಒಂದು ಮಧ್ಯಾಹ್ನ ಹೊಲಿಯಲು ಕೊಟ್ಟಿದ್ದ ದಿಂಬಿನ ಕವರು ತರಲು ಬಸ್ ನಿಲ್ದಾಣದ ಹತ್ತಿರದ ದರ್ಜಿಯ ಅಂಗಡಿಗೆ ಹೋದಳು. ಶಾಲೆ ಬಿಟ್ಟ ಹೊತ್ತು. ಅಂಗಡಿಯ ಮುಂದೆ ಸಮವಸ್ತ್ರದ ಮಕ್ಕಳ ಗುಂಪು. ಹೊಲಿಗೆ ಯಂತ್ರದ ಪಕ್ಕದಲ್ಲಿ, ದಾರದ ಉಂಡೆಗಳನ್ನು ಸರಿಸಿ ಮಾಡಿದ ಜಾಗದಲ್ಲಿ, ಅವಳ ಅಂಗಡಿಯಿಂದ ಕಿತ್ತ ಅದೇ ಗಾಜಿನ ಪೆಟ್ಟಿಗೆ ಉರಿಯುತ್ತಿತ್ತು. ಒಂದು ಮೂಲೆಗೆ ಅವಳ ಗೋಡೆಯ ಸುಣ್ಣ ಇನ್ನೂ ಮೆತ್ತಿಕೊಂಡಿತ್ತು. ಮಕ್ಕಳು ಅವಳನ್ನು ನೋಡಿ ಸರಿದರು. ಸರಿಯದೆ ನಿಂತವಳು ಒಬ್ಬಳೇ, ಕೈಯಲ್ಲಿ ಡಬ್ಬಿ ಹಿಡಿದುಕೊಂಡು. ಚಿನಕುರುಳಿ.

ಅಂಗಡಿಯಮ್ಮ ಮೊಮ್ಮಗಳನ್ನು ದಾಟಿ ಒಳಗೆ ಹೋದಳು. ಈ ಪೆಟ್ಟಿಗೆ ಇಲ್ಲಿಗೆ ಹೇಗೆ ಬಂತೆಂದು ದರ್ಜಿಯನ್ನು ಕೇಳಿದಳು. ದರ್ಜಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು, ತನ್ನದೇನೂ ಇಲ್ಲ, ನಿಮಗೆ ಕೊಡುತ್ತಿದ್ದಷ್ಟೇ ಬಾಡಿಗೆ ತನಗೂ ಕೊಡುತ್ತಾರೆ, ಇಲ್ಲಿಯವರೆಗೆ ಟೇಪು ಬರುವುದಿಲ್ಲವಂತೆ ಎಂದ.

"ಇವಳಿಗೆ ಇಪ್ಪತ್ತೊಂದಾಗಿದೆಯಾ?"

"ಅಜ್ಜಿಗೆ ಅಂದ್ಲು," ಎಂದ ದರ್ಜಿ.

ಅವಳು ಮೊಮ್ಮಗಳ ಮಣಿಕಟ್ಟು ಹಿಡಿದು ಮನೆಯವರೆಗೆ ನಡೆಸಿಕೊಂಡು ಬಂದಳು. ದಿಂಬಿನ ಕವರು ಅಲ್ಲೇ ಉಳಿಯಿತು. ದಾರಿಯಲ್ಲಿ ಚಿನಕುರುಳಿ ಅಳುತ್ತ ಹೇಳಿದಳು: ಪರೀಕ್ಷೆ ಹತ್ತಿರ ಬಂತು, ತಲೆ ಸಿಡಿಯುತ್ತಿತ್ತು, ಒಂದೇ ಒಂದು ಸಲ ಅಂದುಕೊಂಡೆ, ಆ ಬೆಳಕು ಕಂಡರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ ಅಜ್ಜಿ.

ನರ್ಸ್ ಆಗಷ್ಟೇ ಡ್ಯೂಟಿಯಿಂದ ಬಂದು ಅಕ್ಕಿ ತೊಳೆಯುತ್ತಿದ್ದಳು. ಅತ್ತೆ ಡಬ್ಬಿಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟಳು. ನರ್ಸ್ ಡಬ್ಬಿಯನ್ನು ನೋಡಿದಳು, ಮಗಳನ್ನು ನೋಡಿದಳು, ಅಕ್ಕಿ ಮೆತ್ತಿದ ಕೈಯನ್ನೇ ಎತ್ತಿದಳು. ಅಂಗಡಿಯಮ್ಮ ನಡುವೆ ಬಂದು ನಿಂತಳು. ಎಷ್ಟೋ ವಾರಗಳ ಮೇಲೆ ಅವಳು ಸೊಸೆಯ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಅವಳನ್ನ ಮುಟ್ಬೇಡ. ಮೊದಲು ಕೊಟ್ಟೋಳು ನಾನು. ಹೊಡಿಯೋದಿದ್ರೆ ನನ್ನಿಂದ ಶುರು ಮಾಡು."

ನರ್ಸಿನ ಕೈ ಕೆಳಗೆ ಬಂತು. ಅವಳು ಸಿಂಕಿನ ಅಂಚು ಹಿಡಿದುಕೊಂಡು ನಿಂತಳು. ನಲ್ಲಿಯ ನೀರು ಅಕ್ಕಿ ಪಾತ್ರೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಚಿನಕುರುಳಿ ಹೋಗಿ ಅದನ್ನು ನಿಲ್ಲಿಸಿದಳು.

ಅಂಗಡಿಯಮ್ಮ ಸ್ಟೂಲ್ ಎಳೆದುಕೊಂಡು ಕೂತಳು. ಬಸ್ ನಿಲ್ದಾಣದಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಪೆಟ್ಟಿಗೆ, ಸುಣ್ಣ, ದರ್ಜಿ, ಟೇಪು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ನಾಳೆ ದರ್ಜಿಯನ್ನೂ ಓಡಿಸಿದರೆ ನಾಡಿದ್ದು ಕ್ಷೌರದವನ ಅಂಗಡಿಗೆ ತಂದಿಡುತ್ತಾರೆ, ಅವರಿಗೆ ಜಾಗಕ್ಕೇನು ಬರ, ನಮ್ಮಂಥವರು ಬೀದಿಗೆ ಹತ್ತು ಜನ ಸಿಗುತ್ತೇವೆ ಎಂದಳು. ಗೇಟು ಅಳೆದು ಏನು ಪ್ರಯೋಜನ, ಆ ಪೆಟ್ಟಿಗೆಯೇ ಇರಬಾರದು, ಆ ಹಣ್ಣಿನ ರುಚಿಯೇ ಇರಬಾರದು ಎಂದಳು.

"ಅದನ್ನ ಮುಂದಕ್ಕೆ ಹಾಕಿದಾರೆ ಅತ್ತೆ. ಮುಂದಿನ ತಿಂಗಳು ಸಭೆ ಇದೆ," ಎಂದಳು ನರ್ಸ್.

"ಗೊತ್ತು. ನಾನೂ ಬರ್ತೀನಿ."

"ಕಾರು ಕಳಿಸಲ್ಲ ಅವರು."

"ಬಸ್ಸಲ್ಲಿ ಬರ್ತೀನಿ. ಮೈಕಿನ ಮುಂದೆ ನೀನು ನಿಲ್ಬೇಡ, ನಿನಗೆ ಬೈಯೋದು ಬಿಟ್ಟು ಬೇರೆ ಬರಲ್ಲ. ಹೋದ ಸಲ ನಾನೇ ಅಲ್ವಾ ಹೇಳಿದ್ದು, ಒಂದು ಮಗುವೂ ಹಾಳಾಗಿಲ್ಲ ಅಂತ. ಅದನ್ನ ನಾನೇ ತಿದ್ದಬೇಕು." ಅವಳು ಮೊಮ್ಮಗಳ ಕಡೆ ತಿರುಗಿದಳು. "ನೀನು ನನ್ನ ಪಕ್ಕ ನಿಲ್ತೀಯೇನೇ?"

ಚಿನಕುರುಳಿ ಮೂಗು ಒರೆಸಿಕೊಂಡು ತಲೆಯಾಡಿಸಿದಳು.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಅಡುಗೆಮನೆಯಲ್ಲಿ ಮೂವರನ್ನೂ ಒಟ್ಟಿಗೆ ಕಂಡು ಬಾಗಿಲಲ್ಲೇ ಗಾಬರಿಯಾಗಿ ನಿಂತ. ಏನಾಯಿತು ಎಂದು ಕೇಳಿದ. ಸಭೆಯ ದಿನ ಯಾವ ಕಟ್ಟಡದ ಲಿಫ್ಟು ಕೆಟ್ಟರೂ ನೀನು ರಜೆ ಹಾಕಬೇಕು ಎಂದು ಅವನ ತಾಯಿ ಹೇಳಿದಳು. ಅವನು ಏನೂ ಅರ್ಥವಾಗದೆ ಆಯಿತು ಎಂದ.

ನರ್ಸ್ ಇನ್ನೊಂದು ಪಾವು ಅಕ್ಕಿ ಅಳೆದು ಪಾತ್ರೆಗೆ ಹಾಕಿದಳು. ಇಲ್ಲೇ ಊಟ ಮಾಡಿ ಅತ್ತೆ, ನಾಲ್ಕು ಜನರಿಗೂ ಆಗುತ್ತೆ ಎಂದಳು.

ಅಂಗಡಿಯಮ್ಮ ಎದ್ದು ನಿಂತಳು. ಬೀಗದ ವಿಷಯ ತಾನು ಮರೆತಿಲ್ಲ ಎಂದಳು, ಸಭೆ ಬೇರೆ, ಅದು ಬೇರೆ ಎಂದಳು. ಅಂಗಡಿಯ ಮೂಲೆಗೆ ಹೋಗಿ ತನ್ನ ಸ್ಟೋವು ಹೊತ್ತಿಸಿದಳು.